ಜೈಲು ಸರ್ಟಿಫಿಕೇಟ್ ಕೇಳುವ ಚರಿತ್ರೆ

ಹೆಂಗಸರ ಚರಿತ್ರೆಯ ಮಾತು ಎತ್ತಿದಾಗಲೆಲ್ಲ ನಮ್ಮಲ್ಲಿ ಒಂದು ಸಿದ್ಧ ಉತ್ತರ ಬರುತ್ತದೆ. ಸಮ್ಮೇಳನದ ಗೋಷ್ಠಿಯಿರಲಿ, ಪಠ್ಯಪುಸ್ತಕದ ಚರ್ಚೆಯಿರಲಿ, ಸರ್ಕಾರಿ ಸಭೆಯಿರಲಿ, ಧಾಟಿ ಒಂದೇ. "ಹೆಣ್ಣುಮಕ್ಕಳ ಕೊಡುಗೆ ದೊಡ್ಡದು, ಯಾರು ಇಲ್ಲ ಅಂದರು? ಆದರೆ ದಾಖಲೆ ಬೇಕಲ್ಲ. ದಾಖಲೆ ಇರುವ ಕಡೆ ಗೌರವ ಸಂದಿದೆ. ಕಿತ್ತೂರು ಚೆನ್ನಮ್ಮನ ಪ್ರತಿಮೆ ಸಂಸತ್ತಿನ ಆವರಣದಲ್ಲಿದೆ, ಅಬ್ಬಕ್ಕನ ಹೆಸರಿನ ಹಡಗು ಕರಾವಳಿ ಕಾಯುತ್ತಿದೆ, ಓಬವ್ವನ ಜಯಂತಿ ನಡೆಯುತ್ತಿದೆ. ಇನ್ನೇನು ಮಾಡಬೇಕು ಹೇಳಿ."

ಒಳ್ಳೆಯ ಮನಸ್ಸಿನವರೂ ಇದನ್ನೇ ಹೇಳುತ್ತಾರೆ, ಅದಕ್ಕೇ ಇದಕ್ಕೆ ಉತ್ತರ ಕೊಡಬೇಕು. ದಾಖಲೆ ಇಲ್ಲ ಎನ್ನುವುದು ಇದರಲ್ಲಿ ಮೊದಲ ಹೇಳಿಕೆ, ಇದ್ದಷ್ಟಕ್ಕೆ ಮನ್ನಣೆ ಸಿಕ್ಕಿದೆ ಎನ್ನುವುದು ಎರಡನೆಯದು. ಎರಡೂ ತಪ್ಪು. ಯಾವ ಕೆಲಸ ಮಾಡಿದರೆ ಅದು ನಾಡಿಗಾಗಿ ಮಾಡಿದ ಕೆಲಸ ಎಂದು ನಮ್ಮ ಸರ್ಕಾರಗಳು ಮೊದಲೇ ಗೆರೆ ಎಳೆದಿಟ್ಟಿವೆ. ಆ ಗೆರೆಯ ಹೊರಗೆ ಬಿದ್ದವಳ ದಾಖಲೆ ಕಲ್ಲಿನಲ್ಲಿ ಕೊರೆದಿದ್ದರೂ ಅದನ್ನು ಓದುವವರಿಲ್ಲ.

ಕಲ್ಲಿನಿಂದಲೇ ಶುರು ಮಾಡುತ್ತೇನೆ. ಬಾದಾಮಿಯ ಹತ್ತಿರದ ಮಹಾಕೂಟದ ಗುಡಿಯಲ್ಲಿ ಒಂದು ಕಂಬದ ಮೇಲೆ ಚಾಲುಕ್ಯ ದೊರೆ ವಿಜಯಾದಿತ್ಯನ ಕಾಲದ ಬರಹವಿದೆ. ವಿಜಯಾದಿತ್ಯ ಆಳಿದ್ದು 696ರಿಂದ 733ರವರೆಗೆ. ಬರಹ ದೊರೆಯದಲ್ಲ, ವಿನಾಪೋಟಿ ಎಂಬ ಹೆಂಗಸಿನದು. ಅವಳು ಪಟ್ಟದ ರಾಣಿಯಲ್ಲ, ದೊರೆಯ ಪ್ರಾಣವಲ್ಲಭೆ. ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿದಳು, ಬೆಳ್ಳಿಯ ಕೊಡೆ ಕೊಟ್ಟಳು, ಭೂಮಿ ಬಿಟ್ಟಳು. ತಾನು ಯಾರು ಎಂದು ಹೇಳಬೇಕಾದಾಗ ಅವಳು ಅಪ್ಪನ ಹೆಸರು ಹೇಳುವುದಿಲ್ಲ. ತಾಯಿ ಕುಚಿಪೋಟಿ, ಅಜ್ಜಿ ರೇವಮಂಚಲು ಎಂದು ಹೇಳುತ್ತಾಳೆ. ಮೂರು ತಲೆಮಾರಿನ ಹೆಂಗಸರ ಹೆಸರು, ನಡುವೆ ಯಾವ ತಂದೆಯ ಹೆಸರೂ ಇಲ್ಲದೆ, ಹದಿಮೂರು ಶತಮಾನದಿಂದ ಆ ಕಂಬದ ಮೇಲಿದೆ. ಇವತ್ತಿಗೂ ನಮ್ಮ ಎಷ್ಟೋ ಅರ್ಜಿ ನಮೂನೆಗಳು ಹೆಂಗಸಿಗೆ ತಂದೆಯ ಅಥವಾ ಗಂಡನ ಹೆಸರನ್ನೇ ಕೇಳುತ್ತವೆ.

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಕಡೆಗೆ ಬನ್ನಿ. 10ನೇ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ. ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. ಎಪ್ಪತ್ತು ಹಳ್ಳಿಗಳ ಆಡಳಿತ ಅವಳ ಕೈಗೆ ಬಂತು. ಶಾಸನ ಅವಳನ್ನು ಹೊಗಳುವುದು ಪತಿವ್ರತೆ ಎಂದಲ್ಲ, ಸಮರ್ಥವಾಗಿ ಆಳಿದವಳು ಎಂದು. ಕಾಯಿಲೆ ಬಿದ್ದಾಗ ತನ್ನದನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ಪ್ರಾಣ ಬಿಟ್ಟಳು. ಈ ಶಾಸನವನ್ನು ಯಾರೋ ನಿನ್ನೆ ಮೊನ್ನೆ ಹುಡುಕಿದ್ದಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟದಲ್ಲಿ ನೂರು ವರ್ಷಕ್ಕೂ ಹಿಂದೆ ಅಚ್ಚಾಗಿದೆ. ಶಾಸನದ ಪಾಠವಿದೆ, ಅನುವಾದವಿದೆ, ಊರಿನ ಹೆಸರಿದೆ. ಇಷ್ಟಿದ್ದೂ ಜಕ್ಕಿಯಬ್ಬೆ ಯಾರು ಎಂದು ಶಾಲೆ ಮುಗಿಸಿದ ಎಷ್ಟು ಮಕ್ಕಳು ಹೇಳಬಲ್ಲರು? ಇಲ್ಲಿ ಕಾಣೆಯಾದದ್ದು ದಾಖಲೆಯೇ?

ಪಟ್ಟದಕಲ್ಲಿನದೂ ಇದೇ ಕಥೆ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಅಲ್ಲಿನ ದೊಡ್ಡ ಗುಡಿಯನ್ನು ಕಟ್ಟಿಸಿದಳು. ಅವಳ ಹೆಸರಿನಿಂದ ಅದು ಲೋಕೇಶ್ವರ ಗುಡಿ ಎನಿಸಿತ್ತು. ಪಕ್ಕದ್ದು ತ್ರೈಲೋಕ್ಯಮಹಾದೇವಿಯದು. ಇಂದು ಎರಡೂ ವಿರೂಪಾಕ್ಷ, ಮಲ್ಲಿಕಾರ್ಜುನ. ಕಾಲ ಸರಿದಂತೆ ದೇವರ ಹೆಸರು ಬದಲಾಗುವುದು ಸಹಜ, ಅದರ ಬಗ್ಗೆ ನನ್ನ ದೂರಿಲ್ಲ. ವಿಶ್ವ ಪರಂಪರೆಯ ಪಟ್ಟಿಗೆ 1987ರಲ್ಲಿ ಸೇರಿದ ಈ ತಾಣಕ್ಕೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಇಳಿದ ಹುಡುಗಿಯರಿಗೆ "ವಿಕ್ರಮಾದಿತ್ಯನ ವಿಜಯದ ಗುಡಿ" ಎಂದಷ್ಟೇ ಹೇಳಿ ಮುಂದಕ್ಕೆ ಸಾಗಿಸುವುದು ಮಾತ್ರ ಸಹಜವಲ್ಲ. ಗೆದ್ದವನು ನೆನಪಿನಲ್ಲಿ ಉಳಿದ, ಕಟ್ಟಿಸಿದವಳು ಉಳಿಯಲಿಲ್ಲ.

ಇನ್ನು ಎರಡನೆಯ ಹೇಳಿಕೆ, ಮನ್ನಣೆ ಸಿಕ್ಕಿದೆ ಎನ್ನುವುದು. ಯಾರಿಗೆ ಸಿಕ್ಕಿದೆ, ಯಾವುದಕ್ಕೆ ಸಿಕ್ಕಿದೆ ಎಂದು ಸ್ವಲ್ಪ ನಿಂತು ನೋಡಬೇಕು. ಸರ್ಕಾರ ಎತ್ತಿ ನಿಲ್ಲಿಸಿದ ಹೆಂಗಸರೆಲ್ಲರ ಕೈಯಲ್ಲೂ ಹೆಚ್ಚುಕಡಿಮೆ ಒಂದು ಆಯುಧವಿದೆ. ಕಿತ್ತೂರು ಚೆನ್ನಮ್ಮ, ಕೆಳದಿ ಚೆನ್ನಮ್ಮ, ಅಬ್ಬಕ್ಕ, ಓಬವ್ವ, ಬೆಳವಡಿ ಮಲ್ಲಮ್ಮ: ಎಲ್ಲರಿಗೂ ವೀರವನಿತೆ ಎಂಬ ಒಂದೇ ಬಿರುದು. ಅವರ ಶೌರ್ಯದ ಬಗ್ಗೆ ನನಗೆ ಇರುವ ಅಭಿಮಾನ ಯಾರಿಗಿಂತಲೂ ಕಡಿಮೆಯದಲ್ಲ. ಅವರ ಬದುಕನ್ನು ಕತ್ತಿಯ ತುದಿಯಷ್ಟಕ್ಕೆ ಇಳಿಸಿದ್ದು ನನಗೆ ಸಹಿಸಲಾಗದ ವಿಷಯ.

ಕೆಳದಿ ಚೆನ್ನಮ್ಮನನ್ನೇ ತೆಗೆದುಕೊಳ್ಳಿ. ಅವಳು ಕಾಲು ಶತಮಾನ ರಾಜ್ಯ ಆಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಗೆ ಎದುರು ನಿಂತದ್ದು ಆ ಆಳ್ವಿಕೆಯ ಒಂದು ಪ್ರಸಂಗ. ನಾವು ಭಾಷಣದಲ್ಲಿ ಹೇಳುವುದು ಅದನ್ನು ಮಾತ್ರ. ಪೋರ್ಚುಗೀಸರ ಜೊತೆ 1678ರಲ್ಲಿ ಒಪ್ಪಂದ ಮಾಡಿಕೊಂಡು ಕರಾವಳಿಯ ವ್ಯಾಪಾರವನ್ನು ನಡೆಸಿದವಳೂ ಅವಳೇ. ದತ್ತು ತೆಗೆದುಕೊಂಡ ಹುಡುಗನನ್ನು ಬೆಳೆಸಿ ಪಟ್ಟಕ್ಕೆ ತಂದಳು. ಆ ಹುಡುಗನೇ ಮುಂದೆ ಶಿವತತ್ತ್ವರತ್ನಾಕರವನ್ನು ಬರೆದ ಬಸಪ್ಪನಾಯಕ. ಇಪ್ಪತ್ತೈದು ವರ್ಷ ಬೊಕ್ಕಸ ನೋಡಿಕೊಂಡ, ಬಂದರು ನೋಡಿಕೊಂಡ, ಉತ್ತರಾಧಿಕಾರವನ್ನು ಭದ್ರ ಮಾಡಿದ ಗಂಡಸನ್ನು ನಾವು ದಕ್ಷ ಆಡಳಿತಗಾರ ಎಂದು ಕರೆಯುತ್ತೇವೆ. ಹೆಂಗಸಾದರೆ ವೀರವನಿತೆ ಎಂದು ಹೇಳಿ ಮುಗಿಸುತ್ತೇವೆ.

ಕಿತ್ತೂರಿನ ಚೆನ್ನಮ್ಮ ಖಡ್ಗ ಹಿಡಿಯುವ ಮೊದಲು ಕಾಗದ ಬರೆದವಳು. ದತ್ತುಪುತ್ರನ ಹಕ್ಕಿಗಾಗಿ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಮನವಿ ಕಳಿಸಿದಳು, ಕಂಪನಿಯ ಜೊತೆ ವಾದ ಮಾಡಿದಳು. ವಾದಕ್ಕೆ ಬೆಲೆ ಸಿಗದೆ ಹೋದಾಗ 1824ರ ಅಕ್ಟೋಬರಿನಲ್ಲಿ ಯುದ್ಧವಾಯಿತು, ಕಲೆಕ್ಟರ್ ಥ್ಯಾಕರೆ ಸತ್ತ. ಒಂದು ಸಂಸ್ಥಾನದ ಕಾನೂನುಬದ್ಧ ಹಕ್ಕನ್ನು ಅರಿತು, ಅದನ್ನು ಬರವಣಿಗೆಯಲ್ಲಿ ಮಂಡಿಸಿದ ರಾಜಕಾರಣಿ ಅವಳು. ನಮ್ಮ ಚೌಕಗಳಲ್ಲಿ ಅವಳು ಕುದುರೆಯಿಂದ ಇಳಿಯುವುದೇ ಇಲ್ಲ.

ಕತ್ತಿಯ ಮೇಲೆ ಈ ಮೋಹ ಯಾಕೆ ಎಂದರೆ, ಕತ್ತಿ ಹಿಡಿದ ಹೆಂಗಸಿನಿಂದ ಯಾರಿಗೂ ಕಸಿವಿಸಿಯಿಲ್ಲ. ಗಂಡ ಇಲ್ಲದಾಗ ಅಥವಾ ಊಟಕ್ಕೆ ಕೂತಾಗ, ಗಂಡಸಿನ ಜಾಗದಲ್ಲಿ ನಿಂತು ಗಂಡಸಿನ ಕೆಲಸ ಮಾಡಿದಳು ಎಂದು ಕಥೆ ಹೇಳಬಹುದು. ಅಳತೆ ಹಳೆಯದೇ ಉಳಿಯುತ್ತದೆ. ಹೆಂಗಸರು ದಿನವೂ ಮಾಡಿದ ಕೆಲಸವೇ ಚರಿತ್ರೆ ಎಂದು ಒಪ್ಪಿದರೆ ಅಳತೆಯನ್ನೇ ಬದಲಿಸಬೇಕಾಗುತ್ತದೆ. ಸರ್ಕಾರ ಹಿಂಜರಿಯುವುದು ಅಲ್ಲಿ.

ಈ ಹಿಂಜರಿಕೆ ಭಾವನೆಯ ಮಟ್ಟದಲ್ಲಷ್ಟೇ ಇಲ್ಲ, ಬರೆದಿಟ್ಟ ನಿಯಮದಲ್ಲೇ ಇದೆ. ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ, 1972ರಲ್ಲಿ, ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಯೋಜನೆ ತಂದಿತು. ತಾಮ್ರಪತ್ರಗಳನ್ನು ಕೊಟ್ಟದ್ದೂ ಆಗಲೇ. 1980ರಲ್ಲಿ ಯೋಜನೆಗೆ ಸ್ವತಂತ್ರತಾ ಸೈನಿಕ ಸಮ್ಮಾನ್ ಎಂಬ ಹೆಸರು ಬಂತು. ಯಾರು ಹೋರಾಟಗಾರರು ಎಂದು ದೇಶ ಅಧಿಕೃತವಾಗಿ ಹೇಳಿದ್ದು ಈ ನಿಯಮಗಳಲ್ಲಿ. ಕನಿಷ್ಠ ಆರು ತಿಂಗಳು ಜೈಲಿನಲ್ಲಿದ್ದವರು. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮೂರು ತಿಂಗಳು. ಆರು ತಿಂಗಳಿಗೂ ಹೆಚ್ಚು ಭೂಗತರಾಗಿದ್ದವರು, ಅದೂ ತಲೆಮರೆಸಿಕೊಂಡ ಅಪರಾಧಿ ಎಂದು ಸರ್ಕಾರ ಘೋಷಿಸಿದ್ದರೆ, ಹಿಡಿದುಕೊಟ್ಟವರಿಗೆ ಬಹುಮಾನ ಸಾರಿದ್ದರೆ, ಅಥವಾ ಬಂಧನದ ಆದೇಶ ಹೊರಟಿದ್ದರೆ. ಹೋರಾಟದಿಂದ ಆಸ್ತಿ ಜಪ್ತಿಯಾದವರು, ನೌಕರಿ ಕಳೆದುಕೊಂಡವರು. ಪುರಾವೆಗೆ ಜೈಲಿನ ಸರ್ಟಿಫಿಕೇಟ್ ಮುಖ್ಯ.

ಹೆಂಗಸರಿಗೆ ಮೂರು ತಿಂಗಳ ರಿಯಾಯಿತಿ ಕೊಟ್ಟಿದ್ದಾರಲ್ಲ ಎಂದು ಕೇಳುವವರಿದ್ದಾರೆ. ರಿಯಾಯಿತಿ ಸಿಕ್ಕಿದ್ದು ಅವಧಿಯಲ್ಲಿ. ಜೈಲೇ ಅಳತೆ ಎಂಬುದು ಹಾಗೇ ಉಳಿಯಿತು. ಈ ನಿಯಮವನ್ನು 1942ರ ಒಂದು ಮನೆಗೆ ಅನ್ವಯಿಸಿ ನೋಡಿ. ಅಟ್ಟದ ಮೇಲೆ ವಾರಂಟು ಹೊತ್ತ ಗಂಡಸು ಅಡಗಿದ್ದಾನೆ. ಕೆಳಗೆ ಹೆಂಗಸು ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಒಲೆ ಹಚ್ಚಿ ಅಡುಗೆ ಮಾಡಿ ಕಳಿಸುತ್ತಾಳೆ, ಬಾಗಿಲಿಗೆ ಬಂದ ಪೊಲೀಸರಿಗೆ ಉತ್ತರ ಕೊಡುತ್ತಾಳೆ, ಚೀಟಿ ಸಾಗಿಸುತ್ತಾಳೆ, ಕಾಸು ಹೊಂದಿಸುತ್ತಾಳೆ. ಅಡಗಿದ್ದವನು ಸೈನಿಕ. ಅಡಗಿಸಿದವಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಅವನು ಸತ್ತ ಮೇಲೆ ಅವಳಿಗೆ ಪಿಂಚಣಿ ಬರಬಹುದು, ಹೋರಾಟಗಾರನ ವಿಧವೆ ಎಂದು. ಕಡತದಲ್ಲಿ ಅವಳ ಹೆಸರು ಬರುವುದು ಆಶ್ರಿತಳಾಗಿ. ಇದ್ದ ಸತ್ಯ ತಿರುಗುಮುರುಗು: ಆಗ ಆಶ್ರಯ ಕೊಟ್ಟವಳು ಅವಳು.

ಆಸ್ತಿ ಜಪ್ತಿಯ ನಿಯಮವೂ ಹೀಗೆಯೇ. ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರ ತಾಲ್ಲೂಕುಗಳಲ್ಲಿ ಮೂವತ್ತರ ದಶಕದ ಮೊದಲ ವರ್ಷಗಳಲ್ಲಿ ಕರನಿರಾಕರಣೆ ನಡೆಯಿತು. ಭೂಮಿ, ಮನೆ, ದನಕರು, ಪಾತ್ರೆ ಪಗಡ ಹರಾಜಿಗೆ ಬಂದವು. ಗಂಡಸರು ಜೈಲಿಗೆ ಹೋದರು. ಮನೆಯಿಂದ ಹೊರಬಿದ್ದು, ಮಕ್ಕಳನ್ನು ಮುದುಕರನ್ನು ಕಟ್ಟಿಕೊಂಡು ಬದುಕು ಸಾಗಿಸಿದವರು ಹೆಂಗಸರು. ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಉಪವಾಸ ಕೂತರು. ತಮ್ಮದೇ ಸೀಮೆಯ, ಮುಖ ಪರಿಚಯದ ಜನರ ಅಂಗಳದಲ್ಲಿ, ಮಲೆನಾಡಿನ ಹವೆಯಲ್ಲಿ, ಅನ್ನ ಬಿಟ್ಟು ಕೂರುವುದು ಎಂಥ ಧೈರ್ಯದ ಕೆಲಸ ಎಂದು ಯೋಚಿಸಿ. ಭೂಮಿಯ ಖಾತೆ ಬಹುಪಾಲು ಗಂಡಸರ ಹೆಸರಿನಲ್ಲಿತ್ತು. ಆದ್ದರಿಂದ ಕಾಗದದ ಪ್ರಕಾರ ಆಸ್ತಿ ಕಳೆದುಕೊಂಡವನು ಗಂಡಸು. ಉಪವಾಸಕ್ಕೆ ನಿಯಮದಲ್ಲಿ ಕಲಮೇ ಇಲ್ಲ.

ಹೆಂಗಸರು ಚಳವಳಿಯ ಮುಂದಿನ ಸಾಲಿಗೆ ಬರುವುದೇ ಆಗ ಸುಲಭವಿರಲಿಲ್ಲ. 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ಹೊರಟ 78 ಮಂದಿಯಲ್ಲಿ ನಮ್ಮ ಮೈಲಾರ ಮಹಾದೇವಪ್ಪ ಇದ್ದರು, ಹೆಂಗಸರು ಒಬ್ಬರೂ ಇರಲಿಲ್ಲ. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲು ಬೇಕು ಎಂದು ಗಾಂಧೀಜಿಯ ಬಳಿ ಹೋಗಿ ವಾದಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಮೊದಲು ಬಾಗಿಲಲ್ಲಿ ತಡೆದು, ಆಮೇಲೆ ಒಳಗೆ ಬಂದವರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಎನ್ನುವುದು ಯಾವ ನ್ಯಾಯ?

ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರ ಬದುಕು ಈ ಇಡೀ ವ್ಯವಸ್ಥೆಯ ಮೇಲೆ ಒಂದು ತೀರ್ಪು ಎಂದು ನನಗೆ ಅನಿಸುತ್ತದೆ. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು, ಇಪ್ಪತ್ತೈದರ ಹೊತ್ತಿಗೆ ಗಂಡನನ್ನು ಕಳೆದುಕೊಂಡರು. ಮಾವ ಆನಂದರಾಯರ ಬೆಂಬಲದಿಂದ ಹುಬ್ಬಳ್ಳಿಗೆ ಬಂದು ತಿಲಕ ಕನ್ಯಾಶಾಲೆ ನಡೆಸಿದರು, ಭಗಿನಿ ಮಂಡಳ ಕಟ್ಟಿದರು. ನಾ.ಸು. ಹರ್ಡೀಕರರ ಸೇವಾದಳದಲ್ಲಿ ಹೆಂಗಸರ ವಿಭಾಗ ಅವರ ಹೊಣೆ. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ, ಬೆಳಗಾವಿಯ 1924ರದು. ಅದಕ್ಕೆ ಊರೂರು ಸುತ್ತಿ ಸುಮಾರು 150 ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಕರೆತಂದರು. ಹೊಸ್ತಿಲು ದಾಟದ ವಿಧವೆಯರೂ ಅವರಲ್ಲಿದ್ದರು. 1932ರಲ್ಲಿ ಯೆರವಡಾ ಜೈಲಿಗೆ ಹೋಗಿ ನಾಲ್ಕು ತಿಂಗಳು ಇದ್ದರು. ಅವರು ಒಳಗಿದ್ದಾಗಲೇ ಮಾವ ತೀರಿಕೊಂಡರು, ಹೊರಗೆ ಸರ್ಕಾರ ಅವರ ಕುಟುಂಬದ ಪ್ರೆಸ್ಸನ್ನು ಜಪ್ತಿ ಮಾಡಿತು, ಶಾಲೆಗೆ ಬೀಗ ಹಾಕಿತು.

ಆಮೇಲಿನದು ನನ್ನನ್ನು ಹೆಚ್ಚು ಕಾಡುತ್ತದೆ. ಜೈಲಿನಿಂದ ಬಿಡುಗಡೆಯಾದ ಎಷ್ಟೋ ಹೆಂಗಸರಿಗೆ ಹೋಗಲು ಮನೆ ಇರಲಿಲ್ಲ. ಸೆರೆಮನೆ ಕಂಡು ಬಂದ ಗಂಡಸಿಗೆ ಊರು ಹಾರ ಹಾಕಿತು, ಹೆಂಗಸಿಗೆ ಮನೆಯವರೇ ಕದ ತೆರೆಯಲಿಲ್ಲ. ಅಂಥವರು ಉಮಾಬಾಯಿಯವರ ಸಣ್ಣ ಮನೆಗೆ ಬಂದರು, ಅವರು ಎಲ್ಲರನ್ನೂ ಇಟ್ಟುಕೊಂಡರು. 1942ರಲ್ಲಿ ಅದೇ ಮನೆ ಭೂಗತ ಹೋರಾಟಗಾರರಿಗೆ ಆಸರೆಯಾಯಿತು. ಈ ಮನೆಯನ್ನು ಯಾವ ನಿಯಮದ ಕೆಳಗೆ ತರುತ್ತೀರಿ? ಅವರ ನಾಲ್ಕು ತಿಂಗಳ ಜೈಲುವಾಸ ಸರ್ಕಾರದ ಲೆಕ್ಕಕ್ಕೆ ಸಾಕು, ಮೂರಕ್ಕಿಂತ ಒಂದು ಜಾಸ್ತಿಯೇ ಇದೆ. ಉಳಿದ ವರ್ಷಗಳ ಕೆಲಸ ಲೆಕ್ಕಕ್ಕೇ ಇಲ್ಲ.

ಉಮಾಬಾಯಿ ತಾಮ್ರಪತ್ರವನ್ನೂ ಪಿಂಚಣಿಯನ್ನೂ ಬೇಡವೆಂದರು. 1992ರಲ್ಲಿ ತೀರಿಕೊಳ್ಳುವವರೆಗೆ ಹುಬ್ಬಳ್ಳಿಯಲ್ಲೇ ಸದ್ದಿಲ್ಲದೆ ಇದ್ದರು. ಇದನ್ನು ಕೆಲವರು ತಮ್ಮ ವಾದಕ್ಕೆ ಬಳಸುತ್ತಾರೆ: "ನೋಡಿ, ಆ ತಲೆಮಾರಿನ ಹೆಂಗಸರಿಗೆ ಮನ್ನಣೆಯ ಹಂಬಲವೇ ಇರಲಿಲ್ಲ. ನೀವು ಯಾಕೆ ಅವರ ಪರವಾಗಿ ಕೇಳುತ್ತೀರಿ?" ನನಗೆ ಸಿಟ್ಟು ಬರಿಸುವ ಮಾತು ಇದು. ಬೇಡ ಎನ್ನುವ ಹಕ್ಕು ಇರುವುದು ಕೊಡಲು ಬಂದಾಗ. ಮಾವಿನಗುಂಡಿಯಲ್ಲಿ ಕೂತವರು, ಉಮಾಬಾಯಿಯವರ ಮನೆಯಲ್ಲಿ ತಂಗಿದವರು, ಬೇಕೋ ಬೇಡವೋ ಎಂದು ಹೇಳುವ ಅವಕಾಶವನ್ನೇ ಕಂಡವರಲ್ಲ. ಅವರಲ್ಲಿ ಬಡವರಿದ್ದರು, ಗಂಡನಿಲ್ಲದವರಿದ್ದರು. ಆ ಪಿಂಚಣಿ ಅವರಿಗೆ ಗೌರವವಷ್ಟೇ ಅಲ್ಲ, ಔಷಧಿ ಮತ್ತು ರೇಷನ್ ಆಗುತ್ತಿತ್ತು.

ದಾಖಲೆ ಇಲ್ಲದೆ ಸರ್ಕಾರ ಹೇಗೆ ಒಪ್ಪಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ಸರ್ಕಾರವೇ ಕೊಟ್ಟಿದೆ. ಓಬವ್ವ ಹುಟ್ಟಿದ ದಿನವನ್ನು ಹೇಳುವ ಶಾಸನವಿಲ್ಲ, ಕಡತವಿಲ್ಲ. ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳಿದ್ದು, ಕಾವಲುಗಾರನ ಹೆಂಡತಿ ಒನಕೆ ಎತ್ತಿದ್ದು, ಇವನ್ನು ಉಳಿಸಿಕೊಂಡು ಬಂದದ್ದು ಚಿತ್ರದುರ್ಗದ ಜನ. 1972ರ ನಾಗರಹಾವು ಸಿನಿಮಾ ಅದನ್ನು ನಾಡಿನ ಮನೆಮನೆಗೆ ತಲುಪಿಸಿತು. ರಾಜ್ಯ ಸರ್ಕಾರ 2021ರಲ್ಲಿ ನವೆಂಬರ್ 11ನ್ನು ಅವಳ ಜಯಂತಿ ಎಂದು ಘೋಷಿಸಿತು. ಸರಿಯಾದದ್ದನ್ನೇ ಮಾಡಿತು. ಜನರ ನೆನಪಿಗೆ ಗೌರವ ಕೊಟ್ಟಿತು, ಶೋಷಿತ ಸಮುದಾಯದ ಒಬ್ಬ ಹೆಂಗಸನ್ನು ರಾಜ್ಯದ ಪಂಚಾಂಗದಲ್ಲಿ ಸೇರಿಸಿತು. ಎರಡೂಕಾಲು ಶತಮಾನಕ್ಕೂ ಹಿಂದಿನ ನೆನಪನ್ನು ನಂಬಬಲ್ಲ ಸರ್ಕಾರಕ್ಕೆ ತೊಂಬತ್ತು ವರ್ಷದ ಹಿಂದಿನ ನೆನಪನ್ನು ನಂಬಲು ಏನು ಅಡ್ಡಿ? ಒನಕೆ ಎತ್ತಿದರೆ ಜನರ ಮಾತು ಸಾಕು, ಉಪವಾಸ ಕೂತರೆ ಜೈಲರನ ಸಹಿ ಬೇಕು ಎಂದರೆ ಕೊರತೆ ಪುರಾವೆಯದಲ್ಲ.

ಇಂದಿನ ವಿಚಾರವನ್ನು ಹಿಂದಿನ ಕಾಲದ ಮೇಲೆ ಹೇರುತ್ತಿದ್ದೀರಿ, ಚರಿತ್ರೆಯಲ್ಲಿ ಮೀಸಲಾತಿ ಕೇಳುತ್ತಿದ್ದೀರಿ ಎಂಬ ಆಕ್ಷೇಪವೂ ಇದೆ. ಇದಕ್ಕೆ ಹೆಚ್ಚು ಮಾತು ಬೇಕಿಲ್ಲ. ಜಕ್ಕಿಯಬ್ಬೆಯನ್ನು ಸಮರ್ಥೆ ಎಂದದ್ದು ನಾನಲ್ಲ, ಅವಳ ಕಾಲದ ಶಾಸನ. ಸಾಮರ್ಥ್ಯವನ್ನು ಬಿಟ್ಟು ಕತ್ತಿಯನ್ನಷ್ಟೇ ಹುಡುಕುವ ಕಣ್ಣು ನಮ್ಮ ಕಾಲದ್ದು.

ಜಯಂತಿಗಳು ಹೇಗೆ ನಡೆಯುತ್ತವೆ ಎಂದು ತಾಲ್ಲೂಕು ಕೇಂದ್ರದಲ್ಲಿ ಇರುವ ಎಲ್ಲರಿಗೂ ಗೊತ್ತು. ತಹಶೀಲ್ದಾರರ ಅಧ್ಯಕ್ಷತೆಯಲ್ಲಿ ಪೂರ್ವಭಾವಿ ಸಭೆ, ಮೆರವಣಿಗೆಗೆ ಯಾರು, ಉಪನ್ಯಾಸಕ್ಕೆ ಯಾರು ಎಂಬ ತೀರ್ಮಾನ, ಆ ದಿನ ಭಾವಚಿತ್ರಕ್ಕೆ ಪುಷ್ಪನಮನ. ಅದೇ ಸಭೆಗೆ ಊರಿನ ಹಳಬರು, ಇತಿಹಾಸದ ಮೇಷ್ಟ್ರು, ಗ್ರಂಥಾಲಯದವರು, ಸಂಘಗಳ ಹೆಂಗಸರು ಬಂದಿರುತ್ತಾರೆ. ಅವರ ಮುಂದೆ ಒಂದು ಖಾಲಿ ರಿಜಿಸ್ಟರ್ ಇಟ್ಟು ಕೇಳಲಿ: ಈ ತಾಲ್ಲೂಕಿನಲ್ಲಿ ಚಳವಳಿಗಾರರಿಗೆ ಅನ್ನ ಹಾಕಿದ ಮನೆ ಯಾವುದು, ಬೇಯಿಸಿದವರ ಹೆಸರೇನು? ಹರಾಜಾದ ಮನೆಯ ಹೆಂಗಸರು ಎಲ್ಲಿ ಹೋಗಿ ಬದುಕಿದರು? ಊರಿನ ಕೆರೆಗೆ, ಗುಡಿಗೆ, ಶಾಲೆಗೆ ದತ್ತಿ ಬಿಟ್ಟ ಹೆಂಗಸಿನ ಶಾಸನ ಎಲ್ಲಿದೆ? 1942ರಲ್ಲಿ ಹತ್ತು ವರ್ಷದವಳಾಗಿದ್ದ ಹುಡುಗಿಗೆ ಈಗ ತೊಂಬತ್ತು ದಾಟಿದೆ. ಅವಳು ಅಟ್ಟಕ್ಕೆ ಊಟದ ತಟ್ಟೆ ಒಯ್ದವಳಿರಬಹುದು. ಹೇಳಿಸಿಕೊಂಡು ಬರೆದುಕೊಳ್ಳಲು ಇನ್ನು ಬಹಳ ವರ್ಷ ಉಳಿದಿಲ್ಲ.

ಯೆರವಡಾ, ಹಿಂಡಲಗಾ ಜೈಲುಗಳಿಗೆ ಹೋದ ಕನ್ನಡದ ಹೆಂಗಸರ ಹೆಸರನ್ನು ಜಿಲ್ಲಾವಾರು ಅಚ್ಚು ಹಾಕಿ ಶಾಲೆಗಳಿಗೆ ಕೊಡಲಿ. ಪಟ್ಟದಕಲ್ಲಿನ ಫಲಕದಲ್ಲಿ, ಗೈಡುಗಳಿಗೆ ಕೊಡುವ ತರಬೇತಿಯಲ್ಲಿ ಲೋಕಮಹಾದೇವಿಯ ಹೆಸರು ಮೊದಲ ಸಾಲಿಗೆ ಬರಲಿ. ಬಂದಳಿಕೆಯ ಹಾದಿಯಲ್ಲಿ ಜಕ್ಕಿಯಬ್ಬೆ ಇಲ್ಲಿ ಎಪ್ಪತ್ತು ಹಳ್ಳಿಗಳನ್ನು ಆಳಿದಳು ಎಂದು ಒಂದು ಬೋರ್ಡು ಬೇಕು. ಹೋರಾಟಗಾರರ ಅಧಿಕೃತ ಪಟ್ಟಿಗೆ ಆಶ್ರಯ ಕೊಟ್ಟವರು, ಅನ್ನ ಹಾಕಿದವರು, ಉಪವಾಸ ಕೂತವರು ಎಂಬ ಹೊಸ ಕಲಮು ಸೇರಬೇಕು. ಪಿಂಚಣಿ ಪಡೆಯಲು ಅವರಲ್ಲಿ ಹೆಚ್ಚಿನವರು ಇಂದು ಬದುಕಿಲ್ಲ. ಆದ್ದರಿಂದ ಖಜಾನೆಗೆ ಹೊರೆ ಎಂಬ ನೆಪವನ್ನೂ ಹೇಳುವಂತಿಲ್ಲ. ಹೆಸರು ಬರೆಯುವುದಷ್ಟೇ ಉಳಿದಿರುವ ಕೆಲಸ. ಅದನ್ನೂ ಮಾಡದೆ, ಮುಂದಿನ ಜಯಂತಿಯ ವೇದಿಕೆಯಲ್ಲಿ ನಿಂತು ಹೆಂಗಸರ ಚರಿತ್ರೆಗೆ ದಾಖಲೆ ಇಲ್ಲ ಎಂದು ಯಾರೂ ಹೇಳಕೂಡದು.